ಕಡಲಿನಾಳಕ್ಕೆ ಪದೇ ಪದೇ ಇಳಿಯುವವರ ಶರೀರ

ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿ ರಜೆಯ ಮಾತು ಬಂದಾಗ ಊರಿನ ಜಾತ್ರೆ, ಕೊಲ್ಲೂರು, ಧರ್ಮಸ್ಥಳಗಳ ಜತೆಗೆ ಈಗ ಮಾಲವಣ-ತಾರಕರ್ಲಿ, ಗೋವಾ, ಅಂಡಮಾನ್ ಹೆಸರುಗಳೂ ಕೇಳಿಬರುತ್ತವೆ. ಚೆನ್ನೈಯವರಿಗೆ ಪುದುಚೇರಿ ಹತ್ತಿರ. ಕರ್ನಾಟಕದೊಳಗೇ ಮುರುಡೇಶ್ವರದ ಎದುರಿನ ಕಡಲಲ್ಲಿ ನೇತ್ರಾಣಿ ದ್ವೀಪವಿದೆ. ದಿವಂಗತ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರ 2022ರಲ್ಲಿ ತೆರೆಕಂಡ ಮೇಲೆ ಆ ದ್ವೀಪದ ಹೆಸರು ಕಡಲು ಕಾಣದವರ ಬಾಯಲ್ಲೂ ಇದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಉಸಿರಾಡುತ್ತ ಸಂಚರಿಸುವ ಸ್ಕೂಬಾ ಡೈವಿಂಗ್ ಹೀಗೆ ನಮ್ಮ ಮಧ್ಯಮವರ್ಗದ ಮನೆಯೊಳಗೂ ಪ್ರವೇಶಿಸಿದೆ.

ರಜೆಯಲ್ಲೊಮ್ಮೆ ತರಬೇತುದಾರನ ಕೈಹಿಡಿದು ಅರ್ಧ ಗಂಟೆ ಇಳಿದು ಬರುವವರ ವಿಚಾರ ಇಲ್ಲಿ ನಮ್ಮ ವಿಷಯವಲ್ಲ. ನಮ್ಮ ತರುಣ ತರುಣಿಯರಲ್ಲಿ ಕೆಲವರು ಇದನ್ನು ಹವ್ಯಾಸದ ಮಟ್ಟದಲ್ಲಿ ನಿಲ್ಲಿಸದೆ, ಪ್ರಮಾಣಪತ್ರಗಳನ್ನು ಒಂದೊಂದಾಗಿ ಗಳಿಸಿ, ಕಚೇರಿಯ ಉದ್ಯೋಗಕ್ಕೆ ರಾಜೀನಾಮೆಯಿತ್ತು ಕಡಲತೀರದಲ್ಲೇ ನೆಲೆಸುವ ಮನಸ್ಸು ಮಾಡುತ್ತಿದ್ದಾರೆ. ಆಗ ಹೆತ್ತವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಶಾರ್ಕ್ ಮೀನಿನ ಬಗ್ಗೆ, ಎರಡನೆಯದು ಸಂಬಳದ ಬಗ್ಗೆ. ದಿನಕ್ಕೆ ಎಷ್ಟು ಸಲ ಇಳಿಯುತ್ತೀ, ವಾರದಲ್ಲಿ ಎಷ್ಟು ದಿನ ಇಳಿಯುತ್ತೀ ಎಂದು ಕೇಳುವವರು ಅಪರೂಪ. ಶರೀರದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಅದೇ. ಅದು ಏಕೆ ಮುಖ್ಯವೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ನಮ್ಮ ಮೇಲಿನ ಒತ್ತಡ ಒಂದೊಂದು ವಾಯುಭಾರದಷ್ಟು ಹೆಚ್ಚುತ್ತದೆ. ದಡದಲ್ಲಿ ಒಂದು ವಾಯುಭಾರವಿದ್ದರೆ 10 ಮೀಟರಿನಲ್ಲಿ ಎರಡು, 30 ಮೀಟರಿನಲ್ಲಿ ನಾಲ್ಕು. ಆ ಒತ್ತಡದಲ್ಲಿ ಎದೆ ಹಿಗ್ಗಬೇಕಾದರೆ ಒಳಗೆ ಹೋಗುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ಬಾಯಲ್ಲಿ ಕಚ್ಚಿಕೊಳ್ಳುವ ಉಪಕರಣ ಮಾಡುವುದು ಈ ಕೆಲಸವನ್ನೇ. ಇದನ್ನು 1943ರಲ್ಲಿ ಫ್ರಾನ್ಸಿನಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಎಂಬಿಬ್ಬರು ರೂಪಿಸಿದರು. ಹೀಗಾಗಿ 30 ಮೀಟರ್ ಆಳದಲ್ಲಿ ಎಳೆದುಕೊಳ್ಳುವ ಒಂದು ಉಸಿರು ದಡದ ನಾಲ್ಕು ಉಸಿರಿಗೆ ಸಮ. ಗಾಳಿ ನಾಲ್ಕು ಪಟ್ಟು ಸಾಂದ್ರವಾಗಿರುವುದರಿಂದ ಅದನ್ನು ಎಳೆದು ಬಿಡುವುದೇ ಉಸಿರಾಟದ ಸ್ನಾಯುಗಳಿಗೆ ಒಂದು ದುಡಿಮೆ. ಜನರು ವಾಡಿಕೆಯಲ್ಲಿ ಆ ಸಿಲಿಂಡರನ್ನು ಆಮ್ಲಜನಕದ ಸಿಲಿಂಡರ್ ಎನ್ನುತ್ತಾರೆ. ವಾಸ್ತವದಲ್ಲಿ ಅದರೊಳಗಿರುವುದು ನಾವೆಲ್ಲ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೆ. ಐದರಲ್ಲಿ ನಾಲ್ಕು ಪಾಲು ಸಾರಜನಕ. ಎಲ್ಲ ತೊಡಕಿನ ಮೂಲ ಈ ಸಾರಜನಕದಲ್ಲಿದೆ.

ನಮ್ಮ ಕರಾವಳಿಯ ಹಿರಿಯರು ಇದನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಬಂಡೆಗಳ ಬುಡದಲ್ಲಿ ಮುಳುಗಿ ಪಚ್ಚಿಲೆ ಕಿತ್ತು ತರುವುದು ಅಲ್ಲಿ ತಲೆಮಾರುಗಳ ಕಸುಬು. ಅವರಿಗೆ ಯಾವ ಸಾರಜನಕದ ಕಾಯಿಲೆಯೂ ಬಂದುದಿಲ್ಲ. ಕಾರಣ ಸರಳ. ಅವರು ದಡದಲ್ಲಿ ಎಳೆದುಕೊಂಡ ಒಂದೇ ಉಸಿರಿನೊಡನೆ ಕೆಲವು ಮೀಟರ್ ಇಳಿದು ನಿಮಿಷದೊಳಗೆ ಮೇಲೇಳುತ್ತಾರೆ. ದೇಹಕ್ಕೆ ಹೊಸ ಗಾಳಿ ಸೇರುವುದೇ ಇಲ್ಲ. ಸ್ಕೂಬಾದವರು ಆಳದಲ್ಲೇ ನಿಂತು ಮುಕ್ಕಾಲು ಗಂಟೆ ಒತ್ತಡದ ಗಾಳಿಯನ್ನು ಒಂದೇ ಸಮನೆ ಉಸಿರಾಡುತ್ತಾರೆ.

ಸಾರಜನಕ ನಮ್ಮ ದೇಹಕ್ಕೆ ಉಪಯೋಗವಿಲ್ಲದ ಅನಿಲ. ದಡದಲ್ಲಿ ಅದು ಬಂದಷ್ಟೇ ಹೊರಹೋಗುತ್ತದೆ. ಒತ್ತಡ ಹೆಚ್ಚಿದಾಗ ಅದು ರಕ್ತದಲ್ಲಿ ಕರಗಿ, ರಕ್ತದ ಮೂಲಕ ಸ್ನಾಯು, ಕೊಬ್ಬು, ಕೀಲು, ನರಗಳನ್ನು ಸೇರುತ್ತದೆ. ಮೇಲೆ ಬರುವಾಗ ಒತ್ತಡ ಇಳಿದಂತೆ ಅದು ಬಂದ ದಾರಿಯಲ್ಲೇ ಹಿಂದಿರುಗಬೇಕು. ಅವಸರ ಮಾಡಿದರೆ ಸೋಡಾ ಬಾಟಲಿಯ ಮುಚ್ಚಳ ತೆರೆದಂತಾಗಿ ಅಂಗಾಂಶಗಳಲ್ಲೂ ರಕ್ತದಲ್ಲೂ ಗುಳ್ಳೆಗಳೇಳುತ್ತವೆ. ಕೀಲಿನಲ್ಲಿ ಗುಳ್ಳೆಯಿದ್ದರೆ ನೋವು. ಬೆನ್ನುಹುರಿಯಲ್ಲಿದ್ದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಡೈವಿಂಗ್ ಪ್ರಚಾರಕ್ಕೆ ಬರುವ ಮೊದಲೇ ಈ ರೋಗ ಸೇತುವೆ ಕಟ್ಟುವವರನ್ನು ಕಾಡಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ದುಡಿದ ಕಾರ್ಮಿಕರು ಹೊರಬಂದೊಡನೆ ನೋವಿನಿಂದ ಬಾಗಿಹೋಗುತ್ತಿದ್ದರು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ರೋಗಕ್ಕೆ ತುತ್ತಾಗಿ, ಮನೆಯ ಕಿಟಕಿಯಿಂದ ಸೇತುವೆಯನ್ನು ನೋಡುತ್ತ, ಪತ್ನಿ ಎಮಿಲಿಯ ಮೂಲಕ ಕೆಲಸ ನಡೆಸಬೇಕಾಯಿತು. ಇದಕ್ಕೆ ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿ ತೋರಿಸಿಕೊಟ್ಟರು.

ಆದರೆ ಎಷ್ಟು ಹೊತ್ತು ಇಳಿಯಬಹುದು, ಎಷ್ಟು ನಿಧಾನವಾಗಿ ಏರಬೇಕು ಎಂಬ ಲೆಕ್ಕವನ್ನು ಮೊದಲಿಗೆ ವ್ಯವಸ್ಥಿತವಾಗಿ ಹಾಕಿದವರು ಬ್ರಿಟಿಷ್ ಶರೀರವಿಜ್ಞಾನಿ ಜೆ.ಎಸ್. ಹಾಲ್ಡೇನ್. ನೌಕಾಪಡೆಯ ಕೋರಿಕೆಯಂತೆ ಅವರೂ ಸಂಗಡಿಗರೂ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ನಡೆಸಿ 1908ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಳ್ಳೆ ಕಾಡಿದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಅದೇ ಅವರ ಸೂಚಕ. ಹಾಲ್ಡೇನರ ದೊಡ್ಡ ಒಳನೋಟವೆಂದರೆ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕವನ್ನು ತುಂಬಿಕೊಳ್ಳುವುದಿಲ್ಲ, ಒಂದೇ ವೇಗದಲ್ಲಿ ಬಿಡುವುದೂ ಇಲ್ಲ ಎಂಬುದು. ಅವರು ದೇಹವನ್ನು ಐದು ಕಾಲ್ಪನಿಕ ಭಾಗಗಳಾಗಿ ವಿಂಗಡಿಸಿದರು. ಅತಿ ವೇಗದ ಭಾಗ 5 ನಿಮಿಷದಲ್ಲಿ ಅರ್ಧದಷ್ಟು ತುಂಬಿದರೆ ಅತಿ ನಿಧಾನದ ಭಾಗಕ್ಕೆ 75 ನಿಮಿಷ ಬೇಕು. ಮುಂದೆ ಜೂರಿಕ್‌ನ ಬೂಲ್‌ಮನ್ ಎಂಬ ವೈದ್ಯವಿಜ್ಞಾನಿ ಈ ಭಾಗಗಳನ್ನು 16ಕ್ಕೇರಿಸಿದರು. ಅವುಗಳಲ್ಲಿ ಕೊನೆಯದರ ಅರ್ಧಾವಧಿ 635 ನಿಮಿಷ, ಅಂದರೆ ಹತ್ತೂವರೆ ಗಂಟೆ. ಇಂದು ಡೈವರುಗಳು ಮುಂಗೈಗೆ ಕಟ್ಟಿಕೊಳ್ಳುವ ಅನೇಕ ಕಂಪ್ಯೂಟರುಗಳು ಈ ಲೆಕ್ಕವನ್ನೇ ಅನುಸರಿಸುತ್ತವೆ.

ಮಳೆಗಾಲದಲ್ಲಿ ನಮ್ಮ ಮುಂಬಯಿಯ ಮನೆಗಳ ಬಟ್ಟೆ ಒಣಗಿಸುವ ಪಾಡನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೆಳು ಪಂಚೆ ಬೇಗ ನೆನೆಯುತ್ತದೆ, ಫ್ಯಾನಿನಡಿ ಒಂದು ಗಂಟೆಯಲ್ಲಿ ಒಣಗುತ್ತದೆ. ದಪ್ಪ ಕಂಬಳಿ ನೆನೆಯುವುದೂ ನಿಧಾನ, ಒಣಗುವುದೂ ನಿಧಾನ. ಮೇಲೆ ಮುಟ್ಟಿದರೆ ಒಣಗಿದಂತಿದ್ದು ಒಳಗೆ ತೇವ ಉಳಿದಿರುತ್ತದೆ. ಒಂದೇ ಸಲ ಮುಳುಗಿದವರಲ್ಲಿ ಒದ್ದೆಯಾಗುವುದು ಹೆಚ್ಚಾಗಿ ಪಂಚೆ ಮಾತ್ರ. ದಿನಕ್ಕೆ ನಾಲ್ಕು ಸಲದಂತೆ ಏಳು ದಿನ ಮುಳುಗಿದವರಲ್ಲಿ ಕಂಬಳಿಯೂ ನೆನೆಯುತ್ತದೆ. ರಾತ್ರಿಯ ವಿಶ್ರಾಂತಿಯಲ್ಲಿ ಅದು ಪೂರ್ತಿ ಒಣಗುವುದಿಲ್ಲ. ಹತ್ತೂವರೆ ಗಂಟೆಗೆ ಅರ್ಧ, ಇನ್ನೊಂದು ಹತ್ತೂವರೆ ಗಂಟೆಗೆ ಉಳಿದುದರ ಅರ್ಧ, ಹೀಗೆ ಲೆಕ್ಕ ಹಾಕುತ್ತ ಹೋದರೆ ಆ ನಿಧಾನದ ಭಾಗ ಬಹುಮಟ್ಟಿಗೆ ಬರಿದಾಗಲು ಎರಡೂವರೆ ದಿನಗಳಿಗಿಂತ ಹೆಚ್ಚು ಬೇಕು. ಬೆಳಿಗ್ಗೆ ನೀರಿಗಿಳಿಯುವವನು ತನ್ನನ್ನು ಹೊಸಬನೆಂದು ಭಾವಿಸಬಹುದು, ಆದರೆ ನಿನ್ನೆ ಮೊನ್ನೆಗಳ ಬಾಕಿ ಅವನೊಡನೆ ಇಳಿಯುತ್ತದೆ.

ಇದರ ಪರಿಣಾಮ ಕೋಷ್ಟಕಗಳಲ್ಲೇ ಕಾಣುತ್ತದೆ. ನಡುವೆ ತಡೆದು ನಿಲ್ಲದೆ ನೇರವಾಗಿ ಏರಿಬರಬೇಕಾದರೆ 18 ಮೀಟರಿನಲ್ಲಿ ಸುಮಾರು ಒಂದು ಗಂಟೆ, 30 ಮೀಟರಿನಲ್ಲಿ ಸುಮಾರು 20 ನಿಮಿಷ ಇರಬಹುದು. ಇದು ಮೊದಲ ಮುಳುಗಿಗೆ. ಎರಡನೆಯ, ಮೂರನೆಯ ಮುಳುಗಿಗೆ ಈ ಅವಧಿ ಕುಗ್ಗುತ್ತ ಹೋಗುತ್ತದೆ. ದಡದಲ್ಲಿ ಕಳೆದ ವಿರಾಮ ಕಡಿಮೆಯಾದಷ್ಟೂ ಕುಗ್ಗುವಿಕೆ ಹೆಚ್ಚು. ಏರುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು ಎಂಬ ಕ್ರಮಗಳೂ ಇವೆ. ಇವನ್ನೆಲ್ಲ ಪಾಲಿಸುವ ಹವ್ಯಾಸಿಗಳಲ್ಲಿ ಈ ರೋಗ 10,000 ಮುಳುಗಿಗಳಿಗೆ ಎರಡು ಮೂರರಷ್ಟು ಮಾತ್ರ. ಅಂಕಿ ಚಿಕ್ಕದೇ. ಆದರೆ ವರ್ಷಕ್ಕೆ ಹತ್ತು ಸಲ ಇಳಿಯುವವರಿಗೂ ಎಂಟುನೂರು ಸಲ ಇಳಿಯುವವರಿಗೂ ಅದು ಒಂದೇ ಅರ್ಥ ಕೊಡುವುದಿಲ್ಲ.

ನಿಯಮಗಳನ್ನು ಕೈಬಿಟ್ಟು ನಿತ್ಯ ಮುಳುಗಿದರೆ ಏನಾಗುತ್ತದೆಂಬುದಕ್ಕೆ ಮಧ್ಯ ಅಮೆರಿಕದಲ್ಲಿ ದಾರುಣವಾದ ನಿದರ್ಶನವಿದೆ. ಹೊಂಡುರಾಸ್ ಮತ್ತು ನಿಕಾರಾಗುವಾ ದೇಶಗಳ ಕೆರಿಬಿಯನ್ ಕರಾವಳಿಯಲ್ಲಿ ಮಿಸ್ಕಿಟೊ ಎಂಬ ಮೂಲನಿವಾಸಿಗಳಿದ್ದಾರೆ. ವಿದೇಶಗಳಿಗೆ, ಅದರಲ್ಲೂ ಅಮೆರಿಕಕ್ಕೆ ರಫ್ತಾಗುವ ಲಾಬ್‌ಸ್ಟರ್ ಹಿಡಿಯುವುದು ಅವರ ಜೀವನೋಪಾಯ. ದಡದ ಸಮೀಪದ ಲಾಬ್‌ಸ್ಟರ್ ಮುಗಿದಂತೆ ಅವರು ಸ್ಕೂಬಾ ಉಪಕರಣ ಧರಿಸಿ ಹೆಚ್ಚು ಹೆಚ್ಚು ಆಳಕ್ಕಿಳಿಯಬೇಕಾಯಿತು. ದೊಡ್ಡ ದೋಣಿಯಲ್ಲಿ ದಿನಗಟ್ಟಲೆ ಕಡಲಲ್ಲಿದ್ದು, ದಿನವೊಂದಕ್ಕೆ ಹತ್ತು ಹನ್ನೆರಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಿಲಿಂಡರುಗಳನ್ನು ಬರಿದುಮಾಡುತ್ತ, 30 ಮೀಟರಿಗೂ ಮಿಕ್ಕ ಆಳದಲ್ಲಿ ದುಡಿಯುವುದು ಅಲ್ಲಿ ಮಾಮೂಲಾಯಿತು. ಎಷ್ಟು ಆಳವೆಂದು ತೋರಿಸುವ ಮಾಪಕವಿಲ್ಲ, ಎಷ್ಟು ಗಾಳಿ ಉಳಿದಿದೆಯೆಂದು ತಿಳಿಯುವ ಸಾಧನವಿಲ್ಲ. ಉಸಿರೆಳೆಯುವುದು ಕಷ್ಟವಾದಾಗ ಮೇಲೇಳುವುದೇ ಕ್ರಮ. ಕೂಲಿ ತೂಕದ ಲೆಕ್ಕದಲ್ಲಿ. ಪಾರ್ಶ್ವವಾಯು ಪೀಡಿತರಾಗಿ ಗಾಲಿಕುರ್ಚಿ ಹಿಡಿದವರ, ಊರುಗೋಲಿಗೆ ಆತುಕೊಂಡವರ ಸಂಖ್ಯೆ ಸಾವಿರಗಳಲ್ಲಿದೆ. ಇಂಥ 42 ಮಂದಿಯ ಪರವಾಗಿ ನಡೆದ ವ್ಯಾಜ್ಯದಲ್ಲಿ ಹೊಂಡುರಾಸ್ ಸರಕಾರ ತನ್ನ ಹೊಣೆಯನ್ನು ಒಪ್ಪಿಕೊಂಡಿತು. ಆ ಸಂಧಾನವನ್ನು ಅಂತರ್-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ 2021ರ ಆಗಸ್ಟ್ 31ರಂದು ಅಂಗೀಕರಿಸಿತು. ಅವರು ಬಳಸಿದ ಉಪಕರಣಕ್ಕೂ ನಮ್ಮ ಮಕ್ಕಳು ರಜೆಯಲ್ಲಿ ಧರಿಸುವ ಉಪಕರಣಕ್ಕೂ ಮೂಲತಃ ಭೇದವಿಲ್ಲ. ಆಳ, ಎಣಿಕೆ ಮತ್ತು ವಿರಾಮಗಳಲ್ಲಿ ಮಾತ್ರ ಭೇದ.

ನಮ್ಮ ತೀರಗಳ ತರಬೇತುದಾರರ ಸ್ಥಿತಿ ಇಷ್ಟು ಘೋರವಲ್ಲ. ಪ್ರವಾಸಿಗರನ್ನು ಅವರು ಹೆಚ್ಚಾಗಿ ಹತ್ತು ಹನ್ನೆರಡು ಮೀಟರಿನೊಳಗೆ ಕರೆದೊಯ್ಯುವುದರಿಂದ ಸಾರಜನಕದ ಹೊರೆ ಸೌಮ್ಯ. ಆದರೆ ಋತುವಿನ ಭರಾಟೆಯಲ್ಲಿ ಒಬ್ಬ ಪ್ರವಾಸಿಯನ್ನು ದೋಣಿಗೆ ಹತ್ತಿಸಿ ಇನ್ನೊಬ್ಬನೊಡನೆ ಇಳಿಯುವುದು, ಗಾಬರಿಗೊಂಡವನನ್ನು ಮೇಲೆ ತಂದು ಸಮಾಧಾನಿಸಿ ಮತ್ತೆ ಮುಳುಗುವುದು, ಹೀಗೆ ಒಂದೇ ದಿನ ಹತ್ತಾರು ಏರಿಳಿತಗಳು ನಡೆಯುತ್ತವೆ. ಇದರ ಪೆಟ್ಟು ಮೊದಲು ಬೀಳುವುದು ಕಿವಿಗೆ. ನೀರಿನ ಮೇಲಿಂದ 10 ಮೀಟರಿಗೆ ಇಳಿಯುವಾಗ ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 20ರಿಂದ 30 ಮೀಟರಿಗೆ ಇಳಿಯುವಾಗ ಮೂರನೆಯ ಒಂದರಿಂದ ನಾಲ್ಕನೆಯ ಒಂದಕ್ಕೆ ಬರುತ್ತದೆ ಅಷ್ಟೆ. ಅಂದರೆ ಆಳವಿಲ್ಲದ ನೀರೇ ಕಿವಿಗೆ ಹೆಚ್ಚು ಕಠಿಣ. ಮೂಗು ಹಿಡಿದು ಮೆಲ್ಲನೆ ಊದಿ ಒತ್ತಡ ಸಮಗೊಳಿಸುವ ಕೆಲಸವನ್ನು ದಿನಕ್ಕೆ ನೂರಾರು ಬಾರಿ ಮಾಡಿದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಾಳ ಊದಿಕೊಳ್ಳುತ್ತದೆ. ಒತ್ತಾಯದಿಂದ ಊದಿದರೆ ತಮಟೆ ಹರಿಯಬಹುದು, ಒಳಗಿವಿಗೆ ಪೆಟ್ಟಾದರೆ ಶ್ರವಣಶಕ್ತಿಯೇ ಶಾಶ್ವತವಾಗಿ ಕುಂದಬಹುದು. ನೆಗಡಿಯಿದ್ದಾಗ ಮಾತ್ರೆ ನುಂಗಿ ಇಳಿಯುವುದು ಇನ್ನೂ ಅಪಾಯ: ಮದ್ದಿನ ಪ್ರಭಾವ ಆಳದಲ್ಲೇ ಇಳಿದುಹೋದರೆ ಮೇಲೆ ಬರುವಾಗ ಗಾಳಿಗೆ ಹೊರದಾರಿ ಇಲ್ಲದಂತಾಗುತ್ತದೆ. ದಿನವಿಡೀ ತೇವವಾಗಿರುವ ಕಿವಿಯ ಹೊರನಾಳದಲ್ಲಿ ಸೋಂಕು ತಗಲುವುದಂತೂ ಈ ಕಸುಬಿನವರಿಗೆ ಹಳೆಯ ನೆಂಟ.

ಉಳಿದ ದಣಿವುಗಳು ಇಷ್ಟು ಎದ್ದು ಕಾಣುವುದಿಲ್ಲ. ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿದೊಡನೆ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿಯುತ್ತದೆ. ದೇಹ ಇದನ್ನು ದ್ರವ ಹೆಚ್ಚಾಯಿತೆಂದು ಗ್ರಹಿಸಿ ಮೂತ್ರವಾಗಿ ಹೊರಹಾಕಲು ತೊಡಗುತ್ತದೆ. ಸಿಲಿಂಡರಿನ ಗಾಳಿ ತೀರ ಒಣ. ಪ್ರತಿ ಉಸಿರಿನೊಡನೆ ಗಂಟಲಿನ ತೇವವೂ ಹೋಗುತ್ತದೆ. ದೋಣಿಯ ಮೇಲೆ ಬಿಸಿಲು. ಸುತ್ತ ನೀರಿದ್ದರೂ ಸಂಜೆಯ ಹೊತ್ತಿಗೆ ದೇಹ ಬತ್ತಿರುತ್ತದೆ; ಅನೇಕರು ದೋಣಿಯಲ್ಲಿ ಶೌಚದ ಸೌಕರ್ಯವಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ, ಹೆಣ್ಣುಮಕ್ಕಳು ವಿಶೇಷವಾಗಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಕಸಿಯುವುದರಿಂದ 28 ಡಿಗ್ರಿಯ ಬೆಚ್ಚನೆಯ ಕಡಲೂ ಮೂರನೆಯ ಮುಳುಗಿನ ಹೊತ್ತಿಗೆ ನಡುಕ ತರಬಲ್ಲದು. ಮೇಲಾಗಿ ಸಿಲಿಂಡರ್, ಸೀಸದ ತೂಕಗಳು, ಜಾಕೆಟ್ ಎಲ್ಲ ಸೇರಿ 20 ಕಿಲೋಗಿಂತ ಮಿಗಿಲಾದ ಭಾರವನ್ನು ತೂಗಾಡುವ ದೋಣಿಯಲ್ಲಿ ಎತ್ತಿಳಿಸಬೇಕು. ಪ್ರವಾಸಿಗರ ಸಿಲಿಂಡರುಗಳನ್ನು ಹೊರುವವನೂ ಸಾಧಾರಣವಾಗಿ ಅದೇ ತರಬೇತುದಾರ. ನೀರಿನೊಳಗೆ ತೂಕವಿಲ್ಲದಂತೆ ತೇಲುವ ಈ ವಿದ್ಯೆಯಲ್ಲಿ ಸೊಂಟನೋವು ಸಾಮಾನ್ಯ ದೂರಾಗಿರುವುದು ಹೀಗೆ.

ಮುಂಗೈಯ ಕಂಪ್ಯೂಟರ್ ಆಳ ಮತ್ತು ಕಾಲಗಳನ್ನು ಮಾತ್ರ ಬಲ್ಲದು. ಧರಿಸಿದವನ ಬಾಯಾರಿಕೆ, ಚಳಿ, ನಿದ್ದೆಗೇಡು, ವಯಸ್ಸು, ಹಿಂದಿನ ರಾತ್ರಿಯ ಮದ್ಯಪಾನ ಇವು ಯಾವುವೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಗರ್ಭಸ್ಥ ಶಿಶುವಿಗಿರುವ ಕಿರುಬಾಗಿಲು ಸುಮಾರು ಕಾಲುಭಾಗ ವಯಸ್ಕರಲ್ಲಿ ಪೂರ್ತಿ ಮುಚ್ಚಿರುವುದಿಲ್ಲ ಎಂಬುದೂ ಅದಕ್ಕೆ ತಿಳಿಯದು. ನಿಯಮದಂತೆ ಮುಳುಗಿದವರ ಸಿರೆಗಳಲ್ಲೂ ಸಣ್ಣ ಗುಳ್ಳೆಗಳು ಏಳುವುದುಂಟು. ಶ್ವಾಸಕೋಶ ಅವುಗಳನ್ನು ಸೋಸಿಬಿಡುತ್ತದೆ. ಈ ಬಾಗಿಲು ತೆರೆದಿರುವವರಲ್ಲಿ ಅವು ಶ್ವಾಸಕೋಶವನ್ನು ತಪ್ಪಿಸಿ ಮೆದುಳಿನತ್ತ ಹೋಗಬಲ್ಲವು. ಈ ಬಾಗಿಲಿದ್ದವರಲ್ಲಿ ಬಹುತೇಕರಿಗೆ ಜೀವಮಾನವಿಡೀ ತೊಂದರೆಯಾಗದು. ಆದರೆ ಕಾರಣವಿಲ್ಲದೆ ಒಮ್ಮೆ ರೋಗ ಕಾಣಿಸಿಕೊಂಡವರನ್ನು ಹೃದಯ ತಜ್ಞರು ಪರೀಕ್ಷಿಸುವುದು ಇದಕ್ಕಾಗಿಯೇ. ನಲವತ್ತು ದಾಟಿದವರಿಗೆ, ರಕ್ತದೊತ್ತಡ, ಮಧುಮೇಹವಿರುವವರಿಗೆ ಹೃದಯ ಪರೀಕ್ಷೆ ಎಷ್ಟು ಅಗತ್ಯವೆಂದು ಬೇರೆ ಹೇಳಬೇಕಿಲ್ಲ. ಡೈವಿಂಗಿನಲ್ಲಿ ಸಂಭವಿಸುವ ಸಾವುಗಳಲ್ಲಿ ಗಣನೀಯ ಪಾಲು ಹೃದಯದ್ದು. ಗರ್ಭಿಣಿಯರು ಇಳಿಯಲೇಬಾರದು.

ಇನ್ನೊಂದು ಹಾನಿ ವರ್ಷಗಳ ನಂತರ ಗೋಚರಿಸುತ್ತದೆ. ತೊಡೆಯ ಮತ್ತು ತೋಳಿನ ಎಲುಬುಗಳ ತುದಿಗೆ ರಕ್ತಸಂಚಾರ ಕುಂಠಿತವಾಗಿ ಆ ಭಾಗ ಸತ್ತು ಕುಸಿಯುವ ಕಾಯಿಲೆಯದು. ಒತ್ತಡದ ಪೆಟ್ಟಿಗೆಗಳ ಕಾರ್ಮಿಕರಲ್ಲಿ, ಆಳದಲ್ಲಿ ದುಡಿಯುವ ಮೀನುಗಾರ ಡೈವರುಗಳಲ್ಲಿ ಇದು ಹೆಚ್ಚು. ನಿಯಮ ಪಾಲಿಸುವ ಹವ್ಯಾಸಿಗಳಲ್ಲಿ ವಿರಳ.

ನಿತ್ಯ ಮುಳುಗುವವರಲ್ಲಿ ಕೆಲವರು ‘ನಮಗೆ ಅಭ್ಯಾಸವಾಗಿದೆ’ ಎನ್ನುವುದುಂಟು. ಅದರಲ್ಲಿ ತುಸು ಸತ್ಯವೂ ಇದೆ. ಒತ್ತಡದ ಪೆಟ್ಟಿಗೆಗಳಲ್ಲಿ ಪ್ರತಿದಿನ ದುಡಿದವರಲ್ಲಿ ಮೊದಲ ದಿನಗಳಿಗಿಂತ ನಂತರದ ದಿನಗಳಲ್ಲಿ ರೋಗ ಕಡಿಮೆಯಾದುದನ್ನು ವೈದ್ಯರು ಗಮನಿಸಿದ್ದಾರೆ. ಕೆಲವು ದಿನ ಕೆಲಸ ತಪ್ಪಿದರೆ ಆ ರಕ್ಷಣೆಯೂ ಮಾಯವಾಗುತ್ತಿತ್ತು. ಇದನ್ನು ನಂಬಿ ಮೂರು ಮುಳುಗಿನ ಜಾಗದಲ್ಲಿ ಐದು ಮಾಡುವುದು ನಮ್ಮ ದೃಷ್ಟಿಯಲ್ಲಿ ವಿವೇಕವಲ್ಲ. ಆಮ್ಲಜನಕದ ಪಾಲನ್ನು ಶೇ. 32ಕ್ಕೆ ಏರಿಸಿದ ನೈಟ್ರಾಕ್ಸ್ ಎಂಬ ಮಿಶ್ರಣ ಉಸಿರಾಡಿದರೆ ಸಾರಜನಕದ ಹೊರೆ ನಿಜವಾಗಿಯೂ ತಗ್ಗುತ್ತದೆ. ಆದರೆ ಅದಕ್ಕೂ ತರಬೇತಿ ಬೇಕು, ಆಳದ ಮಿತಿಯೂ ಉಂಟು. ಸುಮಾರು 33 ಮೀಟರಿಗಿಂತ ಕೆಳಗೆ ಅದೇ ಆಮ್ಲಜನಕ ನಂಜಾಗತೊಡಗುತ್ತದೆ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ವಾರದ ನಡುವೆ ಒಂದು ದಿನ ಪೂರ್ಣ ಒಣರಜೆ. ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರುವ ಮುನ್ನ ಆ ರಜೆ ಸಿಗುವುದೇ, ದಿನದ ಮುಳುಗಿಗೆ ಮಿತಿಯಿದೆಯೇ, ದೋಣಿಯಲ್ಲಿ ಶುದ್ಧ ಆಮ್ಲಜನಕದ ಸಿಲಿಂಡರ್ ಇದೆಯೇ ಎಂದು ಕೇಳುವುದಕ್ಕೆ ಯುವಕರು ಸಂಕೋಚಪಡಬಾರದು.

ಹೊರನಾಡಿನಲ್ಲಿರುವ ನಮಗೆ ವಿಶೇಷವಾಗಿ ಅನ್ವಯಿಸುವ ವಿಷಯ ಮರಳಿ ಬರುವ ಪ್ರಯಾಣದ್ದು. ವಿಮಾನದೊಳಗಿನ ಒತ್ತಡ ನೆಲಮಟ್ಟಕ್ಕಿಂತ ಕಡಿಮೆ. ದೇಹದಲ್ಲಿ ಉಳಿದ ಸಾರಜನಕ ಅಲ್ಲಿ ಗುಳ್ಳೆಯಾಗಬಹುದು. ಒಂದೇ ಸಲ ಮುಳುಗಿದವರು 12 ಗಂಟೆ, ಹಲವು ದಿನ ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂದು 2002ರಲ್ಲಿ ತಜ್ಞರು ಗೊತ್ತುಪಡಿಸಿದರು. 24 ಗಂಟೆ ಕಾಯುವುದು ಇನ್ನೂ ಕ್ಷೇಮ. ಅಂಡಮಾನಿನಿಂದ ಚೆನ್ನೈಗೋ ಹೈದರಾಬಾದಿಗೋ ಬರುವವರು ಇದನ್ನು ಕೇಳಿರುತ್ತಾರೆ. ಕಾರಿನಲ್ಲಿ ಘಟ್ಟ ಹತ್ತುವವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಈ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಮಾಲವಣದಿಂದ ಅಂಬೋಲಿ ಘಟ್ಟದ ಮೇಲಾಗಿ ಬೆಳಗಾವಿಗೆ, ಮುರುಡೇಶ್ವರದಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಅದೇ ಸಂಜೆ ಹೊರಡುವವರೂ ವಿಮಾನವೇರಿದಂತೆಯೇ.

ರೋಗಲಕ್ಷಣಗಳು ಬಹುಪಾಲು ಮೇಲೆ ಬಂದ ಆರು ಗಂಟೆಗಳೊಳಗೆ, ಹೆಚ್ಚೆಂದರೆ ಒಂದು ದಿನದೊಳಗೆ ಕಾಣಿಸುತ್ತವೆ: ಭುಜ ಅಥವಾ ಮೊಣಕೈಯ ಆಳವಾದ ನೋವು, ಕೈಕಾಲು ಜೋಮು, ಚರ್ಮದ ಮೇಲೆ ನೀಲಿ ಮಚ್ಚೆ, ತಲೆಸುತ್ತು, ಮೂತ್ರ ಕಟ್ಟುವುದು, ಅತಿಯಾದ ಆಯಾಸ. ಭಾರ ಎತ್ತಿದ್ದಕ್ಕೆ ಬಂದ ನೋವೆಂದು ಎಣ್ಣೆ ತಿಕ್ಕಿ ಬಿಸಿನೀರು ಹುಯ್ದುಕೊಂಡು ಮಲಗುವುದು ನಮ್ಮಲ್ಲಿ ಸಹಜ. ಹಾಗೆ ಕಳೆದ ಪ್ರತಿ ಗಂಟೆಯೂ ನಷ್ಟ. ತಕ್ಷಣ ಶುದ್ಧ ಆಮ್ಲಜನಕ ಕೊಡಿಸಿ, ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ರೋಗಿಯನ್ನು ಸುಮಾರು 18 ಮೀಟರ್ ಆಳದ ಒತ್ತಡಕ್ಕೆ ಮರಳಿ ಒಯ್ದು, ಆಮ್ಲಜನಕ ಉಸಿರಾಡಿಸುತ್ತ, ಐದು ಗಂಟೆಗಳಿಗೆ ಸಮೀಪದ ಅವಧಿಯಲ್ಲಿ ಮೆಲ್ಲನೆ ಹೊರತರುತ್ತಾರೆ. ಅಂಡಮಾನಿನಲ್ಲಿ ಶ್ರೀ ವಿಜಯಪುರದ ಐಎನ್‌ಎಚ್‌ಎಸ್ ಧನ್ವಂತರಿ, ಮುಂಬಯಿಯಲ್ಲಿ ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿ ಎಂಬ ನೌಕಾಪಡೆಯ ಆಸ್ಪತ್ರೆಗಳಲ್ಲಿ ಈ ವಿದ್ಯೆ ಬಲ್ಲ ವೈದ್ಯರಿದ್ದಾರೆ. ನಗರಗಳ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಗಾಯ ಮಾಯಿಸಲೆಂದು ಇಂಥ ಕೋಣೆಗಳಿದ್ದರೂ ಅವೆಲ್ಲವೂ ಡೈವರುಗಳನ್ನು ಸ್ವೀಕರಿಸುವುದಿಲ್ಲ. ಮೊದಲೇ ದೂರವಾಣಿಯಲ್ಲಿ ವಿಚಾರಿಸಿಕೊಂಡು ಹೊರಡುವುದು ಲೇಸು. ಊರಿಗೆ ಮರಳಿದ ಮೇಲೆ ಲಕ್ಷಣ ಕಂಡು ಹತ್ತಿರದ ವೈದ್ಯರಲ್ಲಿಗೆ ಹೋದರೂ ಮೊದಲು ಹೇಳಬೇಕಾದ ಮಾತು, ಎಷ್ಟು ಗಂಟೆಗಳ ಹಿಂದೆ, ಎಷ್ಟು ಆಳಕ್ಕೆ, ಎಷ್ಟು ಸಲ ಮುಳುಗಿದ್ದೆ ಎಂಬುದು.